ಬಳ್ಳಾರಿ ಮಾತು ಕಲಿಯುವ ಮೊದಲು: 'ಲೇ' ಮತ್ತು 'ರೀ' ನಡುವಿನ ಚರಿತ್ರೆ



ಬರುವ ಶನಿವಾರ-ಭಾನುವಾರ ನಮ್ಮ ಓದು ಬಳಗದ ಹದಿನೆಂಟು ಮಂದಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆ ಹೊಂಟೀವಿ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬಳ್ಳಾರಿ. ಹೆಚ್ಚಿನವರು ಮೈಸೂರು, ಮಂಡ್ಯ, ಕೋಲಾರ, ತುಮಕೂರು ಕಡೆಯ ಹುಡುಗ ಹುಡುಗಿಯರು. ಆ ಸೀಮೆಯವನು ನಾನೊಬ್ಬನೇ. ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿ ಬೆಳೆದವನು.

ಹಂಗಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ವಾರದಿಂದ ಒಂದೇ ಬೇಡಿಕೆ: "ಅಣ್ಣಾ, ನಿಮ್ಮ ಕಡೆ ಭಾಷೆ ಕಲಿಸಣ್ಣಾ." ಯಾರೋ ರೀಲ್ಸ್ ನೋಡಿ ಪಟ್ಟಿಯನ್ನೂ ಮಾಡಿ ಹಾಕಿದ್ದಾರೆ. "ಏನಲೇ", "ಹೌದಲೇ", "ಬಾರಲೇ ಮಗನಾ". ಕೆಳಗೆ ಇನ್ನೊಬ್ಬರ ಮಾತು: "ಇಷ್ಟು ಕಲಿತರೆ ನಾವೂ ಲೋಕಲ್."

ಕಲೀಬೇಡಿ ಅಂತ ನಾನು ಹೇಳಲ್ಲ. ಒಂದು ಊರಿಗೆ ಹೋಗುವ ಮೊದಲು ಆ ಊರಿನ ಮಾತು ನಾಲ್ಕು ಕಲಿತು ಹೋಗೋದು ಒಳ್ಳೆಯ ಸಂಸ್ಕಾರ. ಆದರೆ ಆ ಪಟ್ಟಿ ನೋಡಿದಾಗಿಂದ ನನಗೆ ನಿದ್ದೆ ಸರಿಯಾಗಿ ಹತ್ತಿಲ್ಲ. ಯಾಕೆ ಅಂತ ಹೇಳಬೇಕು.

ಎರಡು ವರ್ಷದ ಹಿಂದೆ ಐದಾರು ಗೆಳೆಯರನ್ನು ನಮ್ಮೂರಿಗೆ ಕರಕೊಂಡು ಹೋಗಿದ್ದೆ. ಅದರಲ್ಲೊಬ್ಬ ಹಾಸನ ಕಡೆಯವನು, ನಮ್ಮವನೇ, ಕೇರಿಯಿಂದಲೇ ಬಂದವನು. ರೈಲಿನಲ್ಲಿ ರಾತ್ರಿಯೆಲ್ಲ ನನ್ನ ಹತ್ತಿರ ನಮ್ಮ ಕಡೆಯ ಮಾತು ಕೇಳಿ ಕಲಿತಿದ್ದ. ಖುಷಿಯಲ್ಲಿದ್ದ. ಕೇರಿ ಕಟ್ಟೆಯ ಮೇಲೆ ನಮ್ಮ ದೊಡ್ಡಪ್ಪ ಕುಂತಿದ್ದರು, ಎಂಬತ್ತರ ಹತ್ತಿರದ ಜೀವ. ಇವನು ನಗ್ತಾ ಹೋಗಿ, "ಏನ್ ಮಾಡಾಕತ್ತೀಲೇ ಯಜ್ಜಾ?" ಅಂದುಬಿಟ್ಟ.

ದೊಡ್ಡಪ್ಪ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟಕೊಂಡರು. "ಏನಿಲ್ರೀ ಧಣೇರ, ಸುಮ್ನ ಕುಂತಿದ್ದೆ" ಅಂದರು.

ಉಳಿದವರು ಅದೂ ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಪ್ಯಾಂಟು ಬೂಟು ಹಾಕಿದ ಅಪರಿಚಿತನ ಬಾಯಲ್ಲಿ 'ಲೇ' ಕೇಳಿದ ಕೂಡಲೇ ಆ ಮುದಿ ದೇಹ ಅರವತ್ತು ವರ್ಷದ ಹಿಂದಿನ ಪಾಠ ನೆನಪು ಮಾಡಿಕೊಂಡಿತ್ತು. ಆ ಹುಡುಗ ಅವಮಾನ ಮಾಡಬೇಕೆಂದು ಅಂದವನಲ್ಲ, ಪ್ರೀತಿಯಿಂದಲೇ ಅಂದ. ತಪ್ಪು ನನ್ನದು. ಮಾತು ಕಲಿಸಿದೆ, ಆ ಮಾತಿನ ಚರಿತ್ರೆ ಕಲಿಸಲಿಲ್ಲ. ಈ ಸಲ ಮೊದಲು ಅದನ್ನೇ ಕಲಿಸೋಣ ಅಂತ ಈ ಪೋಸ್ಟ್. ಉದ್ದ ಆಗ್ತದೆ, ರೈಲಿನಲ್ಲಾದರೂ ಪೂರ್ತಿ ಓದಿ.

ಹೊರಗಿನವರು ಬಂದು ನಮ್ಮ ಸೀಮೆಯ ಜನರೊಂದಿಗೆ ಮಾತಾಡಲು ಪ್ರಯತ್ನಪಟ್ಟ ಕಥೆ ಹಳೆಯದು. ಭಾನುವಾರ ನಾವು ನೋಡಲಿರುವ ನಿಟ್ಟೂರಿನಿಂದಲೇ ಶುರು ಮಾಡಬಹುದು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲೂ ಬಳ್ಳಾರಿ ಜಿಲ್ಲೆಯದೇ ಆದ ಉಡೇಗೋಳದಲ್ಲೂ ಅಶೋಕನ ಬಂಡೆ ಶಾಸನಗಳಿವೆ, ಕ್ರಿ.ಪೂ. 3ನೇ ಶತಮಾನದವು. ಬಹಳಷ್ಟು ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇರುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ ಆ ದೇವಾನಾಂಪ್ರಿಯ ಅಶೋಕನೇ ಎಂದು ಖಚಿತವಾಯಿತು. 'ಅಶೋಕ' ಎಂಬ ಹೆಸರೇ ಇರುವ ಬೆರಳೆಣಿಕೆಯ ಶಾಸನಗಳಲ್ಲಿ ನಿಟ್ಟೂರು, ಉಡೇಗೋಳದವೂ ಸೇರಿವೆ. ಬಾಬಾಸಾಹೇಬರ ಮಕ್ಕಳಾದ ನಮಗೆ ಅದು ಹೆಮ್ಮೆ.

ಆದರೆ ಆ ಶಾಸನದ ಭಾಷೆ ಯಾವುದು? ಪ್ರಾಕೃತ. ಲಿಪಿ ಬ್ರಾಹ್ಮಿ. ತುಂಗಭದ್ರೆಯ ದಂಡೆಯಲ್ಲಿ ದನ ಮೇಯಿಸಿಕೊಂಡು ಇದ್ದ ಜನರ ಮನೆಮಾತು ಅದಲ್ಲ. ಹಂಗಾದರೆ ಜನರಿಗೆ ಮುಟ್ಟಿದ್ದು ಹೆಂಗೆ? ಇದಕ್ಕೆ ಉತ್ತರ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿದೆ. ರಜ್ಜುಕ ಎಂಬ ಅಧಿಕಾರಿ ಭೇರಿ ಬಾರಿಸಿ ಹಳ್ಳಿಯ ಜನಕ್ಕೆ ಇದನ್ನು ತಿಳಿಸಬೇಕು ಎಂದು ಅಲ್ಲಿ ಆಜ್ಞೆ ಇದೆ. ತಂದೆತಾಯಿ ಮಾತು ಕೇಳಿ, ಹಿರಿಯರನ್ನು ಗೌರವಿಸಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಇಷ್ಟೇ ಸಂದೇಶದ ಸಾರ.

ಭೇರಿ ಬಾರಿಸಿದ್ದು ಯಾರು, ಪ್ರಾಕೃತವನ್ನು ಊರಿನ ಮಾತಿಗೆ ತಂದು ಕೂಗಿ ಹೇಳಿದ್ದು ಯಾರು ಅಂತ ಕಲ್ಲು ಹೇಳಲ್ಲ. ಅಂದಿನ ಸಮಾಜ ಇಂದಿನಂತೆಯೇ ಇತ್ತು ಅಂತ ನಾನೂ ಹೇಳಲ್ಲ. ಆದರೆ ಎರಡು ಸಾವಿರ ವರ್ಷದ ನಂತರ ನಮ್ಮೂರಲ್ಲಿ ಆ ಕೆಲಸ ಮಾಡ್ತಿದ್ದವರು ಯಾರು ಅಂತ ನನಗೆ ಗೊತ್ತು. ನಮ್ಮಜ್ಜ. ಹಲಗಿ ಬಡಿದು ಡಂಗುರ ಸಾರುತ್ತಿದ್ದ. "ಕೇಳ್ರಪೋ ಕೇಳ್ರೀ, ನಾಳಿ ಕಂದಾಯ ಕಟ್ಟಬೇಕಂತ್ರೀ." ಊರಿಗೆಲ್ಲ 'ರೀ' ಹಚ್ಚಿ ಸಾರಿ ಬಂದ ಮೇಲೆ ಗೌಡರ ಮನಿ ಮುಂದೆ ದೂರ ನಿಂತರೆ ಒಂದೇ ಮಾತು: "ಸಾರಿದೇನಲೇ?" ಸಾರಿದವನಿಗೆ ಏಕವಚನ, ಕೇಳಿದವರಿಗೆ ಬಹುವಚನ. ನಮ್ಮ ಸೀಮೆಯ ವ್ಯಾಕರಣದ ಮೊದಲ ಪಾಠ ಇದು. ಯಾವ ರೀಲ್ಸ್‌ನಲ್ಲೂ ಬರಲ್ಲ.

ಇನ್ನು ಶನಿವಾರ ನೋಡುವ ಬಳ್ಳಾರಿ ನಗರಕ್ಕೆ ಬರೋಣ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ದಂಡು ಬಂತು, ಅದರ ಹಿಂದೆ ಪೇಟೆ ಬಂತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದ. ಊರಿಗೆ ಬಂದ ಹೊರಗಿನವನು ಮೊದಲು ಮಾಡಿದ ಕೆಲಸ ನೀವು ಈಗ ಮಾಡ್ತಿರುವುದೇ, ಭಾಷೆ ಕಲಿಯುವುದು. ಕನ್ನಡ ಕಲಿತ, ಬೈಬಲ್ ಅನುವಾದಕ್ಕೆ ಕೂತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೆ ಅರವತ್ತು ವರ್ಷ ಮೊದಲೇ ಬಳ್ಳಾರಿಯ ಮಿಷನರಿಗಳು ಕನ್ನಡ ನಿಘಂಟು ಮಾಡಿದ್ದರು. ಕನ್ನಡ ಅಂದ್ರೆ ಧಾರವಾಡ-ಮೈಸೂರು ಅನ್ನೋರು ಇದನ್ನು ನೆನಪಿಟ್ಟುಕೊಳ್ಳಲಿ.

ಅವರ ದುಡಿಮೆ ದೊಡ್ಡದು. ಅಕ್ಷರ ಮುಟ್ಟಬಾರದು ಅನ್ನಿಸಿಕೊಂಡಿದ್ದ ನಮ್ಮ ಜನಕ್ಕೆ ಶಾಲೆಯ ಬಾಗಿಲು ತೆರೆದವರಲ್ಲಿ ಮಿಷನ್ನಿನವರೂ ಇದ್ದರು. ಆದರೆ ಆ ಕಾಲದ ಮಿಷನರಿಗಳು ಭಾಷೆ ಕಲಿಯುತ್ತಿದ್ದುದು ಮುನ್ಶಿಗಳಿಂದ, ಪಂಡಿತರಿಂದ. ಓದು ಬರಹ ಯಾವ ಜಾತಿಗಳ ಕೈಯಲ್ಲಿತ್ತೋ ಮುನ್ಶಿಗಳೂ ಅಲ್ಲಿಂದಲೇ ಬಂದವರು. ಹೊರಗಿನವನು ಊರಿನ ಮಾತು ಅಂತ ಕಲಿತದ್ದು ಊರೊಳಗಿನ ಮಾತು. ಕೇರಿಯ ಮಾತಿಗೆ ಮುನ್ಶಿ ಇರಲಿಲ್ಲ.

ಇದಕ್ಕೆ ಆಮೇಲೆ ಭಾಷಾ ವಿಜ್ಞಾನದ ಸಾಕ್ಷಿಯೂ ಬಂತು. 1960ರಲ್ಲಿ ವಿಲಿಯಂ ಬ್ರೈಟ್ ಎಂಬ ಅಮೆರಿಕದ ವಿದ್ವಾಂಸ ಬ್ರಾಹ್ಮಣರ ಕನ್ನಡ, ಒಕ್ಕಲಿಗರ ಕನ್ನಡ ಹೋಲಿಸಿ ಬರೆದ. ಒಂದು ಕಡೆ 'ಇದೆ', ಇನ್ನೊಂದು ಕಡೆ 'ಐತೆ'. ಅದೇ ವರ್ಷ ವಿಲಿಯಂ ಮೆಕ್‌ಕಾರ್ಮ್ಯಾಕ್ ಧಾರವಾಡದ ಕನ್ನಡದಲ್ಲಿ ಬ್ರಾಹ್ಮಣ, ಬ್ರಾಹ್ಮಣೇತರ, ಹರಿಜನ ಎಂಬ ಮೂರು ಬಗೆಗಳನ್ನು ಗುರುತಿಸಿದ. ನಾವು 'ಉಪಭಾಷೆ' ಅಂದಾಗ ಜಿಲ್ಲೆ ನೆನಪಾಗುತ್ತದೆ: ಇದು ಬಳ್ಳಾರಿ ಕನ್ನಡ, ಅದು ಮಂಗಳೂರು ಕನ್ನಡ. ಆದರೆ ಒಂದೇ ಊರಲ್ಲಿ, ಒಂದು ಗಟಾರದ ಆಚೆ ಈಚೆ, ಎರಡು ಕನ್ನಡ ಇರುತ್ತವೆ. ನಕ್ಷೆಯಲ್ಲಿ ಆ ಗಟಾರ ಕಾಣಲ್ಲ.

ನಾನು ಆ ಗಟಾರ ದಾಟಿ ಶಾಲೆಗೆ ಹೋದವನು. "ಸರ, ಮನ್ಯಾಗ ಪುಸ್ತಕ ಐತಿ" ಅಂದಿದ್ದಕ್ಕೆ "ಐತಿ ಅಲ್ಲ, ಇದೆ ಅನ್ನು" ಅಂತ ಅಂಗೈ ಮೇಲೆ ಬೆತ್ತದ ಏಟು ತಿಂದೆ. ಹಿಂದಿನ ಬೆಂಚಿನಲ್ಲಿ ಕುಂತಿದ್ದ ಗೌಡರ ಮನೆ ಹುಡುಗನೂ 'ಐತಿ' ಅಂತಲೇ ಅನ್ನುತ್ತಿದ್ದ. ಅವನಿಗೆ ಬೀಳಲಿಲ್ಲ. ಈಗ ಅದೇ 'ಐತಿ' ಸಿನಿಮಾದಲ್ಲಿ, ರೀಲ್ಸ್‌ನಲ್ಲಿ ಸ್ಟೈಲ್ ಆಗಿದೆ. ಸಂತೋಷ. ಆದರೆ ನನ್ನ ಅಂಗೈ ಇನ್ನೂ ಮರೆತಿಲ್ಲ.

ಬಳ್ಳಾರಿಯಲ್ಲಿ ನಿಮಗೆ ತೆಲುಗು ಬಹಳ ಕೇಳಿಸುತ್ತದೆ. "ಇದು ಕರ್ನಾಟಕವೇನ್ರೀ?" ಅಂತ ಯಾರೂ ಜೋಕ್ ಮಾಡಬೇಡಿ. ಈ ಊರು ನೂರೈವತ್ತು ವರ್ಷ ಮದ್ರಾಸ್ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನುವ ಜಗಳ ಜೋರಾಗಿತ್ತು, ಅದರಲ್ಲಿ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಕನ್ನಡಕ್ಕಾಗಿ ಸತ್ತವನು ಒಬ್ಬ ಪಿಂಜಾರರ ಮಗ ಅನ್ನೋದನ್ನು ಪ್ರತಿ ರಾಜ್ಯೋತ್ಸವದಲ್ಲೂ ಹೇಳಬೇಕು.

ಗಡಿ ಎಳೆದದ್ದು ಕಾಗದದ ಮೇಲೆ. ನಮ್ಮ ಕೇರಿಯವರಿಗೆ ಆಲೂರು, ಆದೋನಿ ಕಡೆ ಹೆಣ್ಣು ಕೊಟ್ಟು ತಂದ ನೆಂಟಸ್ತನ ಹಂಗೇ ಇತ್ತು. ನಮ್ಮವ್ವ ಅಳೋದು ಕನ್ನಡದಾಗ, ಬೈಯೋದು ತೆಲುಗಿನಾಗ. ಬಳ್ಳಾರಿಯಲ್ಲಿ ಬೆಳಗ್ಗೆ ನೀವು ಒಗ್ಗರಣಿ-ಮಿರ್ಚಿ ತಿನ್ನುತ್ತೀರಿ, ಮಂಡಕ್ಕಿ ನೆನೆಸಿ ಮಾಡಿದ್ದು. ಗಡಿ ದಾಟಿದರೆ ಅದೇ ಪದಾರ್ಥ 'ಉಗ್ಗಾನಿ'. ಯಾವುದು ಯಾರದ್ದು ಅಂತ ಜಗಳ ಬೇಡ, ಬಿಸಿ ಇದ್ದಾಗ ತಿನ್ನಿ.

ಎರಡು ಭಾಷೆ ಇಟ್ಟುಕೊಂಡು ದೊಡ್ಡ ಕೆಲಸ ಮಾಡಿದವರೂ ನಮ್ಮ ಜನರೇ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುಡ್ಗ ಜಂಗಮ ಸಮುದಾಯದವರು, ಪರಿಶಿಷ್ಟ ಜಾತಿಯ ಅಲೆಮಾರಿ ಕಲಾವಿದೆ. ಆ ಸಮುದಾಯದ ಮನೆಮಾತು ತೆಲುಗು. ಅಕ್ಷರ ಬಾರದ ಈರಮ್ಮ ಕನ್ನಡದಲ್ಲಿ ಬುರ್ರಕಥೆಗಳನ್ನು ರಾತ್ರಿಗಟ್ಟಲೆ ಹಾಡಿದರು. 2014ರಲ್ಲಿ ತೀರಿಕೊಂಡರು. ನಿಘಂಟು ಮಾಡಿದವರಿಗೆ ಮುನ್ಶಿ ಬೇಕಾಯಿತು. ಈರಮ್ಮನೇ ಒಂದು ನಿಘಂಟು.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಗುಡಿ ನೋಡುತ್ತೇವೆ. 12ನೇ ಶತಮಾನದಲ್ಲಿ ಸಿಂದರು ಆಳಿದ ಊರು, ಸುತ್ತ ಬಂಡೆಬೆಟ್ಟ, ಗುಡಿಯೊಳಗೆ ಏಕಶಿಲೆಯ ಭಾರಿ ಬಸವ. ಕೈಮುಗಿಯುವವರು ಮುಗಿಯಿರಿ, ಬಿಡುವವರು ಬಿಡಿ. ಅಲ್ಲಿ ನಿಂತಾಗ ಒಂದು ಪದ ನೆನಪು ಮಾಡಿಕೊಳ್ಳಿ. ಬಸವ ಅನ್ನೋದರ ಹೆಣ್ಣು ರೂಪ 'ಬಸವಿ'. ನಮ್ಮ ಸೀಮೆಯಲ್ಲಿ ದೇವರ ಹೆಸರಲ್ಲಿ ಬಿಡುತ್ತಿದ್ದ ಹೆಣ್ಣುಮಕ್ಕಳನ್ನು ಕರೆದದ್ದು ಹಾಗೆ. 19ನೇ ಶತಮಾನದ ಕೊನೆಗೆ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಲೇಖನವನ್ನೇ ಬರೆದಿದ್ದಾನೆ. ಮಾದಿಗರ, ಬೇಡರ ಮನೆಗಳಲ್ಲಿ ಈ ಪದ್ಧತಿ ಬಹಳ ಇತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದ ಮೇಲೂ ಒಂದೇಟಿಗೆ ನಿಲ್ಲಲಿಲ್ಲ.

ಈಗ ನೋಡಿ: ಗಂಡು ಹೆಸರು ಗುಡಿಯೊಳಗೆ ದೇವರಾಯಿತು, ಹೆಣ್ಣು ಹೆಸರು ಬೀದಿಯಲ್ಲಿ ಬೈಗುಳವಾಯಿತು. ಆ ಪಟ್ಟಿಯಲ್ಲಿರುವ 'ಮಸ್ತ್ ಬೈಗುಳ'ಗಳಲ್ಲಿ ಅರ್ಧ ಯಾರದೋ ತಾಯಿಯ, ಯಾರದೋ ಅಜ್ಜಿಯ ಬದುಕಿನಿಂದ ಕಿತ್ತು ತಂದದ್ದು. ನಾವು ಊಟ ಮಾಡುವ ಮನೆಯಲ್ಲೇ ಅಂಥ ಒಬ್ಬ ಅಜ್ಜಿ ಇದ್ದಾಳು. ಅವಳ ಮುಂದೆ ಆ ಪದ ಜೋಕ್ ಆಗಿ ಬರಬಾರದು.

ಸಿರುಗುಪ್ಪ ಕಡೆ ಹೊಂಟಾಗ ಎರಡೂ ಬದಿ ಹಸಿರು ನೆಲ್ಲು ಕಾಣುತ್ತದೆ. ಈ ಹಸಿರು ಹಳೆಯದಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1950ರ ದಶಕದಲ್ಲಿ ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ನೆಲೆ ನಿಂತರು. ಅವರು ನಿಂತ ಜಾಗಕ್ಕೆ 'ಕ್ಯಾಂಪ್' ಅಂತ ಹೆಸರು. ಜ್ವಾಳದ ಹೊಲ ನೆಲ್ಲಿನ ಗದ್ದೆ ಆಯಿತು. ರೊಟ್ಟಿ ತಿನ್ನುವವರ ಬಾಯಿಗೆ ಅನ್ನ ಬಂತು. ನಮ್ಮ ಹೆಂಗಸರ ಬಾಯಿಗೆ ಹೊಸ ಪದ ಬಂದವು: ನೆಲ್ಲು ಹಚ್ಚೋದು, ಗುತ್ತಿ ಹಿಡಿಯೋದು. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿ, ಸಂಜೀ ತನಕ ಬಗ್ಗಿ ಸಸಿ ಹಚ್ಚಿ ಬರುವುದು.

ಒಂದು ಮಾತ್ರ ಬದಲಾಗಲಿಲ್ಲ. ಮೊದಲು 'ಧಣೇರ' ಅಂತಿದ್ದ ಬಾಯಿ ಕ್ಯಾಂಪಿನಲ್ಲಿ 'ಗಾರು' ಕಲಿಯಿತು. ಭಾಷೆ ಬದಲಾಯಿತು, ಬಗ್ಗುವ ಬೆನ್ನು ಅದೇ. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂತು. ನಮ್ಮ ದೊಡ್ಡಪ್ಪ ಜೀತದಿಂದ ಹೊರಗೆ ಬಂದದ್ದು ಅದರ ನಂತರವೇ. 'ಧಣೇರ' ಅನ್ನೋ ಮಾತು ಅವರ ನಾಲಿಗೆಯಿಂದ ಇನ್ನೂ ಹೊರಗೆ ಬಂದಿಲ್ಲ, ಅದನ್ನು ನಾನೇ ಆ ದಿನ ಕಣ್ಣಾರೆ ನೋಡಿದೆ.

ಹಂಗಾದರೆ ಏನು ಕಲಿಯಬೇಕು? ನನ್ನ ಪಟ್ಟಿ ಇದು.

1. ಮೊದಲು 'ರೀ' ಕಲೀರಿ. ಬರ್ರಿ, ಕುಂದರ್ರಿ, ಹೇಳ್ರಿ, ಉಣ್ರಿ. ಕೇರಿಯಲ್ಲಿ ಇದನ್ನೇ ಮೊದಲು ಬಳಸಿ. ನಮ್ಮ ಹಿರಿಯರು ಆಯುಷ್ಯವೆಲ್ಲ ಬೇರೆಯವರಿಗೆ ಕೊಟ್ಟು, ತಾವು ಪಡೆಯದ ಅಕ್ಷರ ಅದು.

2. ವಯಸ್ಸಾದವರಿಗೆ ಯಜ್ಜ, ಯಮ್ಮ, ಯಪ್ಪ, ಯವ್ವ ಅನ್ನಿ. ನಡುವಯಸ್ಸಿನವರಿಗೆ ಅಕ್ಕಾರ, ಅಣ್ಣಾರ. ಹೆಸರು ಹಿಡಿದು ಕರೆಯಬೇಡಿ.

3. ಹೆಂಗಸರ ಮಾತಿನ ಕೊನೆಗೆ 'ಬೇ' ಬಂದರೆ ಬೆಚ್ಚಬೇಡಿ. "ಬಾಬೇ ಯವ್ವಾ" ಅಂದ್ರೆ ಅದು ಹಿಂದಿಯ ಬೈಗುಳ ಅಲ್ಲ, ತಾಯಿಗೆ, ಹಿರಿಯಳಿಗೆ ಸಲಿಗೆಯಿಂದ ಅನ್ನೋದು. ಆದರೆ ಸಲಿಗೆ ಇದ್ದವರು ಅನ್ನೋದು. ನೀವು ಕೇಳಿ ಸಂತೋಷಪಡಿ ಸಾಕು.

4. 'ಲೇ' ಕೂಡ ಅಷ್ಟೇ. ನಮ್ಮ ದೊಡ್ಡಮ್ಮ ನನಗೆ "ಬಂದೇನಲೇ ಮಗನಾ" ಅಂದ್ರೆ ಹೊಟ್ಟೆ ತುಂಬುತ್ತದೆ. ಗೌಡರ ಕಟ್ಟೆಯಿಂದ ಅದೇ 'ಲೇ' ಬಂದರೆ ಹೊಟ್ಟೆ ಉರಿಯುತ್ತದೆ. ಪದ ಒಂದೇ, ನಿಂತ ಜಾಗ ಬೇರೆ. ಅವರು ನಿಮಗೆ 'ಲೇ' ಅಂದ ದಿನ ನೀವು ಮನೆಯವರಾದಿರಿ ಅಂತ ತಿಳಿಯಿರಿ. ನೀವಾಗಿ ಮೊದಲು ಅನ್ನಬೇಡಿ.

5. ಕ್ರಿಯಾಪದ ಕಲೀರಿ, ತಪ್ಪಿದರೂ ಪರವಾಗಿಲ್ಲ, ನಗ್ತಾರೆ, ತಿದ್ದುತಾರೆ. ಮಾಡಾಕತ್ತೀವಿ, ಹೊಂಟೀವಿ, ಬಂದೀವ್ರಿ. ಮನೆ ಮನಿ ಆಗುತ್ತದೆ, ಮನೆಯಲ್ಲಿ ಮನ್ಯಾಗ ಆಗುತ್ತದೆ. "ಊಟಾತ್ರಿ?" ಅಂತ ಕೇಳಿದರೆ "ಆತ್ರಿ" ಅನ್ನಿ. ಆಗದಿದ್ದರೆ ಆಗಿಲ್ಲ ಅನ್ನಿ, ರೊಟ್ಟಿ-ಪುಂಡಿ ಪಲ್ಯ ಬರುತ್ತದೆ.

6. ಜಾತಿ ಹೆಸರನ್ನು ಗುಣವಾಚಕ ಮಾಡಬೇಡಿ. "ಮಾದಿಗರ ಹಂಗ", "ಹೊಲೇರ ಹಂಗ" ಅನ್ನೋ ಗಾದೆ, ಬೈಗುಳ ನಿಮ್ಮ ಕಿವಿಗೆ ಬೀಳಬಹುದು. ಅದು 'ಲೋಕಲ್ ಸ್ಲ್ಯಾಂಗ್' ಅಲ್ಲ. ಸಾರ್ವಜನಿಕವಾಗಿ ಜಾತಿ ಹೆಸರಿಡಿದು ಬೈಯೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 2015ರ ತಿದ್ದುಪಡಿಯ ನಂತರ ಅದಕ್ಕೆ ಪ್ರತ್ಯೇಕ ಉಪಕಲಂ ಇದೆ, 3(1)(ಎಸ್). ಎಡಗೈ-ಬಲಗೈ ಜೋಕ್‌ಗಳನ್ನು ನಮ್ಮ ಗುಂಪಿನಲ್ಲೇ ಕೆಲವರು ಮಾಡ್ತೀರಿ. ಕಾನೂನು ಹಿಡಿಯದಿದ್ದರೂ ಬಾಬಾಸಾಹೇಬರ ಮುಂದೆ ಉತ್ತರ ಕೊಡಬೇಕು.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ನಾಡೇ ಕುದಿಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಅವರು ಕೇಳಿದ್ದು ಸರಳ ಪ್ರಶ್ನೆ: ನಮ್ಮ ಬದುಕು ನಿಮ್ಮ ಕನ್ನಡದಲ್ಲಿ ಎಲ್ಲಿದೆ? ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಬಂತು, ಕೇರಿಯ ಕನ್ನಡ ಪುಸ್ತಕಕ್ಕೆ ಬಂತು. ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಮಾತು ಮಿಮಿಕ್ರಿ ಮಾಡೋಕೆ ಇರುವುದಲ್ಲ ಅಂತ ನಾಡಿಗೆ ಗೊತ್ತಾಯಿತು. ನಮ್ಮ ಬಳ್ಳಾರಿ ಮಾತಿಗೂ ಅದೇ ಮರ್ಯಾದೆ ಕೇಳುತ್ತಿದ್ದೇನೆ, ಹೆಚ್ಚೇನಲ್ಲ.

ಆ ಹಾಸನದ ಹುಡುಗನ ಕಥೆ ಪೂರ್ತಿ ಮಾಡಿ ನಿಲ್ಲಿಸ್ತೀನಿ. ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಅವನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. "ನಮ್ಮ ತಾತನೂ ಹಂಗೇ ಟವೆಲ್ ತೆಗೀತಿದ್ದರು ಅಣ್ಣಾ" ಅಂದ. ಬೆಳಗ್ಗೆ ಎದ್ದು ಕಟ್ಟೆ ಹತ್ತಿರ ಹೋಗಿ ದೊಡ್ಡಪ್ಪನ ಪಕ್ಕ ನೆಲದ ಮೇಲೆ ಕುಂತು, "ಯಜ್ಜಾ, ಚಾ ಕುಡದ್ರ್ಯಾ?" ಅಂತ ಕೇಳಿದ. ವ್ಯಾಕರಣ ಸರಿ ಇತ್ತೋ ಇಲ್ಲವೋ ಗೊತ್ತಿಲ್ಲ. ದೊಡ್ಡಪ್ಪ ಅವನನ್ನೇ ನೋಡಿ, "ಮ್ಯಾಲ ಕುಂದ್ರಲೇ ತಮ್ಮಾ, ನೆಲ ತಣ್ಣಗೈತಿ" ಅಂದರು.

ಈ ಸಲವೂ ಅದೇ ಕಟ್ಟೆಗೆ ಹೋಗ್ತೀವಿ. ದೊಡ್ಡಪ್ಪ ಇದ್ದಾರೆ, ಕಿವಿ ಸ್ವಲ್ಪ ಮಂದ. ಜೋರಾಗಿ ಮಾತಾಡಿ. 'ರೀ' ಹಚ್ಚಿ ಮಾತಾಡಿ.

ಶುಕ್ರವಾರ ರಾತ್ರಿ ಸ್ಟೇಷನ್‌ನಲ್ಲಿ ಸಿಗೋಣ. ತಡ ಮಾಡಬ್ಯಾಡ್ರಿ.

ಜೈ ಭೀಮ್.